ಇಂಜಿಯ ಮದುವೆಗೆ ಡಿಸ್ಕ್ ಪ್ಲೇಯರ್ ಆಯ್ಕೆ ಸಮಿತಿ

ಕೈರೋ ನಗರದಲ್ಲಿ ಹೊಸದಾಗಿ ಮದುವೆಯಾಗುವವರ ಮನೆಗೆ ಮರದಿಂದ ಮಾಡಿದ್ದನ್ನೆಲ್ಲ ಗಂಡಿನ ಕಡೆಯವರು ತರತಕ್ಕದ್ದು, ಕರೆಂಟಿನಿಂದ ಓಡುವುದನ್ನೆಲ್ಲ ಹೆಣ್ಣಿನ ಕಡೆಯವರು ತರತಕ್ಕದ್ದು. ಈ ನಿಯಮವನ್ನು ಯಾವ ಸರ್ಕಾರವೂ ಮಾಡಿದ್ದಲ್ಲ. ಹಾಗಾಗಿ ಜನ ಇದನ್ನು ತಪ್ಪದೆ ಪಾಲಿಸುತ್ತಾರೆ. ಮಂಚ, ಬೀರು, ಸೋಫಾ ಗಂಡಿನವು. ಫ್ರಿಜ್ಜು, ಫ್ಯಾನು, ಬಟ್ಟೆ ಒಗೆಯುವ ಯಂತ್ರ ಹೆಣ್ಣಿನವು. ಮನೆ ಮತ್ತು ಆ ಮನೆಗೆ ಬರುವ ನೀರು, ಗ್ಯಾಸು, ಇಂಟರ್ನೆಟ್ಟು ಮತ್ತೆ ಗಂಡಿನವು. ಇವೆಲ್ಲ ಬಂದು ತಲುಪುವ ತನಕ ಮದುವೆಯ ದಿನ ಗೊತ್ತು ಮಾಡುವಂತಿಲ್ಲ. ಈ ವ್ಯವಸ್ಥೆಯಲ್ಲಿ ಹುಡುಗ ಹುಡುಗಿಯ ಪಾಲಿಗೆ ಬಂದಿರುವ ಕೆಲಸ ಕಾಯುವುದು.

ಭೂಗೋಳದ ಮೇಷ್ಟ್ರು ರಾಮೆಜ್ ಹೀಗೆ ಕಾಯುತ್ತಾ ಕಾಯುತ್ತಾ ಮುಂದಲೆಯ ಕೂದಲು ಕಳೆದುಕೊಂಡಿದ್ದ. ನಿಶ್ಚಿತಾರ್ಥವಾದಾಗಿನಿಂದ ಶುಕ್ರವಾರ ಬಂತೆಂದರೆ ಅಬ್ಬಾಸಿಯಾದಲ್ಲಿದ್ದ ಇಂಜಿಯ ಮನೆಗೆ ಹೋಗಿ ಸೋಫಾದ ಈ ತುದಿಯಲ್ಲಿ ಕೂರುತ್ತಿದ್ದ. ಆ ತುದಿಯಲ್ಲಿ ಇಂಜಿ. ನಡುವೆ ಅವಳ ಸೋದರತ್ತೆ ಬಹೀಗಾ, ಮಡಿಲಲ್ಲಿ ಒಂದು ಬಟ್ಟಲು ಕಲ್ಲಂಗಡಿ ಬೀಜ. ಮರ್ಯಾದಸ್ಥರ ಮನೆಯಲ್ಲಿ ಹುಡುಗ ಹುಡುಗಿಯನ್ನು ಒಂಟಿಯಾಗಿ ಬಿಡುವುದುಂಟೇ! ಮೂವರೂ ಕೂತು ಎಷ್ಟೋ ಸಿನಿಮಾ ನೋಡಿದ್ದರು. ನಾಯಕ ನಾಯಕಿಯ ಕೈ ಹಿಡಿಯುವ ಹೊತ್ತಿಗೆ ಸರಿಯಾಗಿ ಅತ್ತೆ ಕಟಕ್ಕೆಂದು ಒಂದು ಬೀಜ ಕಡಿದು, “ಇವನ ಕಣ್ಣೇ ಸರಿಯಿಲ್ಲ ನೋಡು” ಅನ್ನುತ್ತಿದ್ದಳು. ರಾಮೆಜನಿಗೆ ಉಳಿದಿದ್ದದ್ದು ಒಂದೇ ಆಸೆ. ಫೈಸಲ್ ಬೀದಿಯ ತನ್ನ ಫ್ಲ್ಯಾಟಿನಲ್ಲಿ ದೀಪ ಆರಿಸಿ, ಇಂಜಿಯ ಪಕ್ಕದಲ್ಲಿ ಕೂತು, ನಡುವೆ ಅತ್ತೆಯಿಲ್ಲದೆ ಒಂದು ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು. ಇಂಜಿಗೂ ಅದೇ ಆಸೆ. ಅತ್ತೆ ನಮಾಜಿಗೆ ಎದ್ದು ಹೋದಾಗಲೆಲ್ಲ ಇಬ್ಬರೂ ಅದೊಂದನ್ನೇ ಮಾತಾಡಿಕೊಳ್ಳುತ್ತಿದ್ದರು.

ಆಮೇಲೆ ಕುವೈತಿನಲ್ಲಿದ್ದ ಇಂಜಿಯ ಚಿಕ್ಕಪ್ಪ ಗೋಡೆಯಗಲದ ಟೀವಿಯನ್ನೂ ಸ್ಪೀಕರುಗಳನ್ನೂ ಉಡುಗೊರೆಯಾಗಿ ಕಳಿಸಿಬಿಟ್ಟ. ಉಡುಗೊರೆ ಎರಡೂ ಕಡೆಗೆ ಸೇರದ್ದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ. ಇದರಿಂದ ಹಿರಿಯರಿಗೆ ಸ್ವಲ್ಪ ಬೇಸರವಾಯಿತು. ಆದರೆ ದೇವರು ದೊಡ್ಡವನು, ಹೋಮ್ ಥಿಯೇಟರಿಗೆ ಒಂದು ಡಿಸ್ಕ್ ಪ್ಲೇಯರು ಬಾಕಿಯಿತ್ತು.

ಇಂಜಿಯ ತಂದೆ ಶೌಕತ್ ಬೇ ಸರ್ಕಾರಿ ಗೋದಾಮುಗಳ ತಪಾಸಣೆಯ ಮಹಾನಿರ್ದೇಶಕರಾಗಿ ನಿವೃತ್ತರಾದವರು. ಅವರ ಸೇವಾವಧಿಯಲ್ಲಿ ಯಾವ ಗೋದಾಮಿನಿಂದಲೂ ಯಾವ ವಸ್ತುವೂ ಕಳುವಾಗಿರಲಿಲ್ಲ, ಏಕೆಂದರೆ ಯಾವ ವಸ್ತುವನ್ನೂ ಯಾರಿಗೂ ಕೊಟ್ಟಿರಲಿಲ್ಲ. ಆಳುವುದಕ್ಕೆ ಇಲಾಖೆಯಿಲ್ಲದೆ ಮನೆಯಲ್ಲಿ ಕೈ ಕೈ ಹಿಸುಕಿಕೊಂಡು ಓಡಾಡುತ್ತಿದ್ದ ಮನುಷ್ಯನಿಗೆ ಮಗಳ ಮದುವೆ ಒದಗಿ ಬಂದಿತ್ತು. ಎರಡೂ ಮನೆಯವರಿದ್ದ ವಾಟ್ಸಾಪ್ ಗುಂಪಿನಲ್ಲಿ ಬೆಳಗಾಗುತ್ತಲೇ ಹೀಗೊಂದು ಪ್ರಕಟಣೆ ಬಿತ್ತು:

“ವಧೂವರರ ಹೋಮ್ ಥಿಯೇಟರಿಗೆ ಡಿಸ್ಕ್ ಪ್ಲೇಯರ್ ಆಯ್ಕೆ ಮಾಡಲು ಸಮಿತಿಯೊಂದನ್ನು ಈ ಮೂಲಕ ರಚಿಸಲಾಗಿದೆ. ಅಧ್ಯಕ್ಷರು: ನಾನು. ಸದಸ್ಯರು: ನಾನು ಕರೆದವರು. ವಧೂವರರು ವೀಕ್ಷಕರಾಗಿ ಹಾಜರಿರಬಹುದು. ಮಾತಾಡುವುದು ಅನಿವಾರ್ಯವಾದಲ್ಲಿ ಅಧ್ಯಕ್ಷರ ಅನುಮತಿ ಪಡೆಯತಕ್ಕದ್ದು. ಚಹಾ ಇರುತ್ತದೆ.”

ಸಭೆ ಸೇರಿತು. ಇಂಜಿಯ ದೊಡ್ಡಪ್ಪನ ಮಗಳು ನಶ್ವಾಳ ಮನೆಯ ಪ್ಲೇಯರು ಡಿಸ್ಕನ್ನೂ ಓಡಿಸುತ್ತದೆ, ಇಂಟರ್ನೆಟ್ಟಿನಿಂದ ನೇರವಾಗಿಯೂ ಸಿನಿಮಾ ತರುತ್ತದೆ, ಆದ್ದರಿಂದ ನಮ್ಮದು ಅದಕ್ಕಿಂತ ಒಂದು ಕೂದಲೆಳೆ ಕೂಡ ಕಡಿಮೆಯಿರಬಾರದು ಎಂಬುದನ್ನು ಚರ್ಚೆಯಿಲ್ಲದೆ ಅಂಗೀಕರಿಸಲಾಯಿತು. ರಾಮೆಜ್ ಅನುಮತಿ ಕೇಳಿ ಎದ್ದು ನಿಂತ.

“ಮಾವ, ಚಿಕ್ಕಪ್ಪ ಕಳಿಸಿರೋ ಟೀವಿಯಲ್ಲೇ ಇಂಟರ್ನೆಟ್ಟು ಬರುತ್ತೆ. ಸಿನಿಮಾ ಅದರಲ್ಲೇ ನೋಡಬಹುದು. ಪ್ಲೇಯರೇ ಬೇಕಿಲ್ಲ.”

ಬಹೀಗಾ ಅತ್ತೆ ಬೀಜ ಕಡಿಯುವುದನ್ನು ನಿಲ್ಲಿಸಿದಳು.

“ಕೇಳಿದಿರಾ?” ಶೌಕತ್ ಬೇ ಮೆಲ್ಲಗೆ ಹೇಳಿದರು. “ಕೊಡೋದಕ್ಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಬಹುದಿತ್ತಪ್ಪ. ಟೀವಿ ಮೇಲೆ ಯಾಕೆ ಹಾಕ್ತೀಯಾ?”

ಆಗ ಎದ್ದಳು ನೋಡಿ ಹುಡುಗನ ತಾಯಿ! ಉಮ್ಮ್ ರಾಮೆಜ್, ಇಂಬಾಬಾ ಕೇರಿಯ ಹೆಂಗಸು, ಸಂತೆಯಲ್ಲಿ ಮೀನಿನವನ ಹತ್ತಿರ ಗೆದ್ದು ಬಂದವಳು. “ನಾವು ಯಾಕ್ರೀ ಕೊಡಬೇಕು, ಶೌಕತ್ ಬೇ? ಅದಕ್ಕೆ ವೈರಿದೆ, ಗೋಡೆಗೆ ಚುಚ್ಚಬೇಕು. ಕರೆಂಟಿನ ಸಾಮಾನು ಹೆಣ್ಣಿನ ಕಡೇದು. ನಮ್ಮ ಮಗ ಬಾಯಿ ತಪ್ಪಿ ಏನೋ ಅಂದ, ಮೇಷ್ಟ್ರುಗಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು.”

“ಕ್ಷಮಿಸಬೇಕು, ಉಮ್ಮ್ ರಾಮೆಜ್. ಡಿಸ್ಕ್ ಹಾಕಿದಾಗ ಅದು ಕರೆಂಟಿನ ಸಾಮಾನು, ಒಪ್ಪಿದೆ. ಆದ್ರೆ ಇಂಟರ್ನೆಟ್ಟಿಂದ ಸಿನಿಮಾ ತರುವಾಗ ಅದು ಮನೆಯ ಸಂಪರ್ಕ. ನೀರಿನ ನಲ್ಲಿ ಇದ್ದ ಹಾಗೆ. ನಲ್ಲಿ ಗಂಡಿನ ಕಡೇದು.”

“ನಲ್ಲಿಗೆ ಯಾರಾದ್ರೂ ರಿಮೋಟು ಕೊಡ್ತಾರೇನ್ರೀ?”

“ಗೀಸರಿಗೂ ನೀರು ಬರುತ್ತೆ. ಹಾಗಂತ ಗೀಸರು ನದಿಯಾಗಲ್ಲ” ಎಂದರು ಶೌಕತ್ ಬೇ.

ಈ ವಾದ ಯಾರಿಗೂ ಅರ್ಥವಾಗಲಿಲ್ಲ. ಆದ್ದರಿಂದ ಎರಡೂ ಕಡೆಯವರು ಅದನ್ನು ಗಂಭೀರವಾಗಿ ಪರಿಗಣಿಸಿದರು. ಎರಡೂ ಕೆಲಸ ಮಾಡುವ ಯಂತ್ರ ಯಾವ ಕಡೆಯದು ಎಂಬುದು ತೀರ್ಮಾನವಾಗುವ ತನಕ ಫ್ಲ್ಯಾಟನ್ನು “ಅಪೂರ್ಣ” ಎಂದು ಘೋಷಿಸಲಾಯಿತು. ಅಪೂರ್ಣ ಮನೆಗೆ ಹೆಣ್ಣು ಕಳಿಸುವ ಪದ್ಧತಿಯಿಲ್ಲ. ಕಾಯ್ದಿರಿಸಿದ್ದ ಮದುವೆಯ ಹಾಲನ್ನು ಬಿಟ್ಟುಕೊಟ್ಟರು. ಮುಂಗಡ ವಾಪಸು ಬರಲಿಲ್ಲ, ಯಾರೂ ಕೇಳಲೂ ಇಲ್ಲ.

ಮುಂದಿನ ಶುಕ್ರವಾರ ರಾಮೆಜ್ ಅತ್ತೆಯ ತಲೆಯ ಮೇಲಿಂದಲೇ ಗೊಣಗಿದ: “ಎತ್ತು ಏರಿಗೆ, ಕೋಣ ನೀರಿಗೆ. ನಾವಿಬ್ರು ನೊಗದಲ್ಲಿ. ಬಾ, ಹೀಗೇ ಹೋಗಿ ನಿಕಾಹ್ ಮಾಡ್ಕೊಂಡು ಬಿಡೋಣ.”

“ಹೌದೌದು, ಸಿಂಹ!” ಇಂಜಿ ಆ ತುದಿಯಿಂದ ಕಣ್ಣು ಕಿರಿದು ಮಾಡಿದಳು. “ಮೊದಲು ನಿನ್ನ ಅಮ್ಮನ ಮುಂದೆ ಬಾಯಿ ಬಿಡು, ಆಮೇಲೆ ನನ್ನನ್ನ ಎತ್ಕೊಂಡು ಹೋಗು. ಅವತ್ತು ಸಭೆಯಲ್ಲಿ ಅವರು ನಿನಗೆ ಬುದ್ಧಿಯಿಲ್ಲ ಅಂದಾಗ ತಲೆ ಆಡಿಸ್ತಾ ಇದ್ದೆ.”

“ಕುತ್ತಿಗೆ ನೋವಿತ್ತು ಕಣೇ.”

“ನಾನು ಒಂದು ಉಪಾಯ ಹೇಳಲಾ? ಎರಡು ಪೆಟ್ಟಿಗೆ ತಗೊಳ್ಳೋಣ. ಡಿಸ್ಕಿನದು ಅಪ್ಪ ಕೊಡಲಿ, ಇಂಟರ್ನೆಟ್ಟಿನದು ನಿಮ್ಮಮ್ಮ ಕೊಡಲಿ.”

“ಒಂದು ಟೀವಿಗೆ ಎರಡು ಪೆಟ್ಟಿಗೆಯೇ?” ನಡುವಿನಿಂದ ಬಹೀಗಾ ಅತ್ತೆ ಬೀಜ ಉಗುಳಿದಳು. “ನೋಡಿದವರು ಏನಂತಾರೆ? ಮದುವೆಯ ದಿನವೇ ಎರಡು ಮನೆ ಬೇರೆಯಾಯ್ತು ಅಂತಾರೆ.” ಹುಡುಗಿಯ ಉಪಾಯ ಹಾಗೆ ಸೋಫಾದ ಮೇಲೆಯೇ ಸತ್ತಿತು.

ಕೊನೆಗೆ ಮಧ್ಯಸ್ಥಿಕೆಗೆ ಬಂದ ಇಂಜಿಯ ದೊಡ್ಡಪ್ಪ ತೀರ್ಪು ಕೊಟ್ಟ. ಯಂತ್ರ ಒಂದೇ, ಡಿಸ್ಕ್ ಓಡಿಸುವ ಅರ್ಧ ಹೆಣ್ಣಿನ ಕಡೆಯದು, ಇಂಟರ್ನೆಟ್ಟಿನ ಅರ್ಧ ಗಂಡಿನ ಕಡೆಯದು. ಎಂಥ ನ್ಯಾಯ! ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಬ್ದುಲ್ ಅಜೀಜ್ ಬೀದಿಗೆ ಹೊರಟರು.

ಆ ಬೀದಿಯ ತುಂಬ ಕರೆಂಟಿನ ಸಾಮಾನಿನ ಅಂಗಡಿಗಳು. ಜೇಬಿನಲ್ಲಿ ದುಡ್ಡಿರುವ ಗಂಡಸರೆಲ್ಲ ಅಲ್ಲಿ ಇಂಜಿನಿಯರುಗಳೇ. “ಬನ್ನಿ ಬನ್ನಿ, ಇಂಜಿನಿಯರ್ ಸಾಹೇಬ್ರೇ!” ಎಂದು ಫಿಕ್ರಿ ಎಂಬ ವ್ಯಾಪಾರಿ ಶೌಕತ್ ಬೇಯನ್ನು ಕೂರಿಸಿ, ಪ್ಲೇಯರುಗಳನ್ನು ಮೇಜಿನ ಮೇಲೆ ಜೋಡಿಸಿದ. ಹೆಣ್ಣಿನ ಕಡೆಯವರು ಡಿಸ್ಕಿನ ಬಗ್ಗೆ ಮಾತ್ರ ಕೇಳಿದರು, ಗಂಡಿನ ಕಡೆಯವರು ಇಂಟರ್ನೆಟ್ಟಿನ ಬಗ್ಗೆ ಮಾತ್ರ. ಇನ್ನೊಬ್ಬರ ಅರ್ಧದ ವಿಚಾರದಲ್ಲಿ ಬಾಯಿ ಹಾಕುವುದು ಸಭ್ಯತೆಯಲ್ಲ. ಚಿತ್ರ ಹೇಗೆ ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ. ರಾಮೆಜ್ ಕೇಳಲು ಹೋದ, ಅವನ ತಾಯಿ ಕಾಲು ತುಳಿದಳು.

“ಈ ಮಾಡೆಲ್ ಎಲ್ಲ ಜಾತಿಯ ಡಿಸ್ಕೂ ಓಡಿಸುತ್ತೆ ಸಾಹೇಬ್ರೇ. ಹಳೇದು, ಹೊಸದು, ಇನ್ನು ಮುಂದೆ ಬರೋದು.”

“ಡಿಸ್ಕ್ ಎಲ್ಲಿ ಸಿಗುತ್ತೆ?” ಇಂಜಿ ಕೇಳಿದಳು.

“ಡಿಸ್ಕ್ ಈಗ ಯಾರಮ್ಮ ಮಾರ್ತಾರೆ! ಆ ಕಾಲ ಹೋಯ್ತು.”

ಶೌಕತ್ ಬೇ ಸಂತೃಪ್ತಿಯಿಂದ ತಲೆದೂಗಿದರು. “ಅಂದ್ರೆ ನಮ್ಮ ಅರ್ಧ ಸವೆಯೋದೇ ಇಲ್ಲ.”

ಉಮ್ಮ್ ರಾಮೆಜಳ ಚಿಂತೆ ಬೇರೆ. ವಧುವಿನ ಸಾಮಾನು ತೆರೆದ ಲಾರಿಯಲ್ಲಿ ಇಡೀ ಬೀದಿಯ ಕಣ್ಣೆದುರು ಹೋಗುತ್ತದೆ. ಜನ ಪೆಟ್ಟಿಗೆ ನೋಡುತ್ತಾರೆ, ಒಳಗಿನದನ್ನಲ್ಲ. ಆದರೆ ಈ ದರಿದ್ರ ಯಂತ್ರಗಳು ಬೆಲೆ ಏರಿದಷ್ಟೂ ತೆಳ್ಳಗಾಗುತ್ತಾ ಹೋಗಿದ್ದವು. ಎಲ್ಲಕ್ಕಿಂತ ದುಬಾರಿಯದರ ಪೆಟ್ಟಿಗೆ ಮಿಠಾಯಿ ಡಬ್ಬಿಯಷ್ಟಿತ್ತು. “ಇಷ್ಟು ಕೊಟ್ಟು ಇಷ್ಟು ಚಿಕ್ಕದು ತಗೊಂಡ್ರೆ ನೆರೆಯವರು ಬಾಯಿಗೆ ಸೆರಗು ಹಿಡ್ಕೊಂಡು ನಗ್ತಾರೆ” ಎಂದಳು. ಫಿಕ್ರಿ ಒಂದು ಕ್ಷಣವೂ ತಡಮಾಡದೆ ಒಳಗಿನಿಂದ ವಾಷಿಂಗ್ ಮೆಷೀನಿನ ಖಾಲಿ ಪೆಟ್ಟಿಗೆ ತರಿಸಿ, ಥರ್ಮೋಕೋಲು ತುಂಬಿ, ಅದರ ಹೊಟ್ಟೆಯಲ್ಲಿ ಪ್ಲೇಯರನ್ನಿಟ್ಟು, ಹೊರಗೆ ಚಿನ್ನದ ಬಣ್ಣದ ಕಾಗದ ಸುತ್ತಿ ಸೀಲು ಹಾಕಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ಆ ಹೂವಿಗೂ ಅವನು ಪ್ರತ್ಯೇಕ ದರ ಹಾಕಿದ. ಯಾರೂ ಚೌಕಾಸಿ ಮಾಡಲಿಲ್ಲ.

ಸಾಮಾನಿನ ಮೆರವಣಿಗೆಯ ದಿನ ಲಾರಿಯಲ್ಲಿ ಎಲ್ಲದರ ಮೇಲೆ ಆ ಪೆಟ್ಟಿಗೆ ಕೂತಿತ್ತು. ಹಾರನ್ನು, ಡೋಲು, ನಾಲಿಗೆ ಹೊರಳಿಸಿ ಹೆಂಗಸರು ಹಾಕುವ ಉಲುಲು ಕೇಕೆ. ಬಾಲ್ಕನಿಯಿಂದ ನೋಡಿದ ನಶ್ವಾಳ ಮುಖ ಹುಳ್ಳಗಾಯಿತೆಂದು ವಾಟ್ಸಾಪಿನಲ್ಲಿ ಅಧಿಕೃತವಾಗಿ ಪ್ರಕಟಿಸಲಾಯಿತು. ಫ್ಲ್ಯಾಟು ಪೂರ್ಣವಾಯಿತು, ನಿಕಾಹ್ ಆಯಿತು, ಹುಡುಗ ಹುಡುಗಿ ಗಂಡ ಹೆಂಡತಿಯಾದರು.

ಮದುವೆಯ ಮರುದಿನ ಎರಡೂ ಮನೆಯವರು ತಿಂಡಿ ತಟ್ಟೆಗಳೊಂದಿಗೆ ಬಂದಾಗ ರಾಮೆಜ್ ಹೊಸ ಕುರ್ತಾದ ತೋಳು ಮಡಚಿ, ಚಾಕು ಹಿಡಿದು ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ಪಕ್ಕದಲ್ಲಿ ಇಂಜಿ ನಗುತ್ತಾ ಪರದೆ ಎಳೆಯುತ್ತಿದ್ದಳು.

“ಏಯ್!” ಶೌಕತ್ ಬೇ ಮತ್ತು ಉಮ್ಮ್ ರಾಮೆಜ್ ಏಕಕಂಠದಿಂದ ಕೂಗಿದರು. ಅವರಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು.

“ಸಿನಿಮಾ ನೋಡೋಣ ಅಂತ...”

“ಸೀಲು ಒಡೀತೀಯಾ? ಒಡೆದ ಮೇಲೆ ಮೊದಲು ಯಾರ ಅರ್ಧ ಬಳಸ್ತೀಯಾ?” ಶೌಕತ್ ಬೇ ಅವನ ಕೈಯಿಂದ ಚಾಕು ತೆಗೆದುಕೊಂಡರು. “ನೋಡಪ್ಪ, ದೇವರು ಹಾಗೆ ಮಾಡದಿರಲಿ, ನಾಳೆ ನಿಮ್ಮಿಬ್ಬರಲ್ಲಿ ಹೆಚ್ಚು ಕಡಿಮೆ ಆದ್ರೆ ಅವರವರ ಅರ್ಧ ಅವರವರಿಗೆ ಹೊಸದಾಗಿ ವಾಪಸ್ಸು ಹೋಗಬೇಕು. ಗೋದಾಮಿನಲ್ಲಿ ಮೂರು ದಶಕ ಕಂಡಿದ್ದೀನಿ. ಬಿಚ್ಚಿದ ಸಾಮಾನಿನಷ್ಟು ದೊಡ್ಡ ತಲೆನೋವು ಇಲ್ಲ.”

“ಬಿಚ್ಚದಿದ್ರೆ ನೋಡೋದು ಹೇಗೆ, ಅಪ್ಪ?” ಇಂಜಿ ಕೇಳಿದಳು.

“ಕಾಣ್ತಾ ಇದೆಯಲ್ಲಮ್ಮ ಇಷ್ಟು ದೊಡ್ಡದಾಗಿ!”

ಪೆಟ್ಟಿಗೆಯನ್ನು ನೀಶಿನ ಮೇಲೆ ಇಟ್ಟರು. ನೀಶ್ ಎಂದರೆ ಯಾರೂ ಕಾಫಿ ಕುಡಿಯದ ಕಪ್ಪುಗಳನ್ನೂ ಯಾರೂ ಉಣ್ಣದ ತಟ್ಟೆಗಳನ್ನೂ ಜೋಡಿಸಿಟ್ಟ ಗಾಜಿನ ಬೀರು; ಅದಿಲ್ಲದೆ ಕೈರೋದಲ್ಲಿ ಯಾವ ಹೆಣ್ಣೂ ಗೃಹಿಣಿಯಾಗುವುದಿಲ್ಲ. ನೀಶ್ ಇರುವ ಕೋಣೆ ಅತಿಥಿಗಳದ್ದು. ಅಲ್ಲಿ ಸೋಫಾಗಳಿಗೆ ಪ್ಲಾಸ್ಟಿಕ್, ಗೋಡೆಯಗಲದ ಟೀವಿಗೆ ಬೆಡ್‌ಶೀಟು, ಬಾಗಿಲಿಗೆ ಬೀಗ. ಗಂಡ ಹೆಂಡತಿ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ, ಸ್ಟೂಲುಗಳ ಮೇಲೆ ಕೂತು ಸಿನಿಮಾ ನೋಡತೊಡಗಿದರು. ಹೆಚ್ಚಾಗಿ ಅರ್ಧಕ್ಕೇ ಕುಕ್ಕರ್ ಕೂಗುತ್ತಿತ್ತು.

ಮೊದಮೊದಲು ರಾಮೆಜ್ ಹಲ್ಲು ಕಡಿಯುತ್ತಿದ್ದ. ಅವನ ಬಗ್ಗೆ ಕನಿಕರ ಪಡುವವರು ಇಲ್ಲಿಗೇ ಪಟ್ಟು ಮುಗಿಸಿಬಿಡಿ. ಶಾಲೆಯ ಸಹೋದ್ಯೋಗಿಗಳು ಮನೆಗೆ ಬಂದರು. ಪೆಟ್ಟಿಗೆ ನೋಡಿ ಬೆರಗಾದರು. “ಎಲ್ಲ ಜಾತಿಯ ಡಿಸ್ಕೂ ಓಡುತ್ತೆ” ಅಂದ ರಾಮೆಜ್, ಸುಮ್ಮನೆ ಮಾತಿಗೆ. ಅವರ ಕಣ್ಣು ಇನ್ನೂ ಅಗಲವಾದವು. ಮುಂದಿನ ಅತಿಥಿಗಳಿಗೆ ಅವರು ಕೇಳುವ ಮೊದಲೇ ಹೇಳಿದ. ಆಮೇಲಾಮೇಲೆ ಬೀಗದ ಕೈ ಅವನ ಜೇಬಿನಲ್ಲೇ ಇರತೊಡಗಿತು. ಧೂಳು ಒರೆಸಲು ಹೋದ ಇಂಜಿಗೆ, “ಒದ್ದೆ ಬಟ್ಟೆ ಬೇಡ ಕಣೇ, ಚಿನ್ನದ ಕಾಗದ ಮಾಸುತ್ತೆ” ಎಂದು ಬಾಗಿಲಲ್ಲಿ ನಿಂತು ಹೇಳುವ ಮಟ್ಟಕ್ಕೆ ಬಂದ.

ಇಂಜಿ ಮಾತ್ರ ಆಸೆ ಬಿಟ್ಟಿರಲಿಲ್ಲ. ಹೆರಿಗೆಯಾಯಿತು. ಮಗುವಿಗೆ ಏಳನೆಯ ದಿನ, ಎರಡೂ ಕಡೆಯವರು ನೆರೆದು, ಅಲ್ಲಿನ ಪದ್ಧತಿಯಂತೆ ಮಗುವಿನ ಕಿವಿಯ ಹತ್ತಿರ ಹಿತ್ತಾಳೆ ಕುಟ್ಟಾಣಿ ಕುಟ್ಟಿ, ಕಾಳು ಎರಚಿ, ಸಂಭ್ರಮಪಡುತ್ತಿದ್ದರು. ಅತಿಥಿಗಳ ಕೋಣೆ ಅಂದು ತೆರೆದಿತ್ತು. ಎಲ್ಲರ ಮನಸ್ಸೂ ಮೆತ್ತಗಿತ್ತು. ಇದೇ ಸಮಯವೆಂದು ಅವಳು ಮಗುವನ್ನು ಎದೆಗೊತ್ತಿಕೊಂಡು ತಂದೆ ಮತ್ತು ಗಂಡನ ತಾಯಿಯ ಮುಂದೆ ನಿಂತಳು.

“ಅಪ್ಪ, ಅತ್ತೆ, ಇವತ್ತು ಇಬ್ಬರೂ ಇದ್ದೀರಿ. ಇನ್ನು ನಾವು ಬೇರೆಯಾಗೋ ಮಾತೇ ಇಲ್ಲ, ಮಗು ಬಂದಾಯ್ತು. ಆ ಪೆಟ್ಟಿಗೆ ಬಿಚ್ಚಿಬಿಡಿ. ಎಲ್ಲರೂ ಕೂತು ಒಂದು ಸಿನಿಮಾ ನೋಡೋಣ.”

ಶೌಕತ್ ಬೇ ಉಮ್ಮ್ ರಾಮೆಜಳನ್ನು ನೋಡಿದರು. ಅವಳು ಅವರನ್ನು ನೋಡಿದಳು. ಉಮ್ಮ್ ರಾಮೆಜ್ “ಆಗಲಿ ಬಿಡಿ” ಎನ್ನಲು ಬಾಯಿ ತೆರೆದದ್ದನ್ನೂ ನೋಡಿದವರಿದ್ದಾರೆ.

“ನಿನಗೇನು ಹುಚ್ಚಾ?” ಎಂದ ರಾಮೆಜ್. “ಹೆಣ್ಣು ಮಗು ಹುಟ್ಟಿದೆ.”

ಇಂಜಿ ಅವನ ಮುಖವನ್ನೇ ನೋಡಿದಳು.

“ಇವಳ ಮದುವೆಗೆ ನಾವು ಕರೆಂಟಿನ ಸಾಮಾನು ಕೊಡಬೇಡವಾ? ಸೀಲು ಹಾಗೇ ಇದೆ. ಒಂದು ಸಾಮಾನು ಈಗಲೇ ಆದಂತಾಯ್ತು.”

ಶೌಕತ್ ಬೇ ಎದ್ದು ಬಂದು ಅಳಿಯನ ಎರಡೂ ಕೆನ್ನೆಗೆ ಮುತ್ತಿಟ್ಟು, “ಈಗ ನೀನು ನಮ್ಮ ಮನೆಯವನಾದೆ ಕಣಪ್ಪ” ಎಂದರು, ಕಣ್ಣಲ್ಲಿ ನೀರಿತ್ತು. ಉಮ್ಮ್ ರಾಮೆಜ್ ಉಲುಲು ಹಾಕಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಆಡಿಕೊಳ್ಳುವುದಕ್ಕೂ ಆಸ್ಪದವಿರಲಿಲ್ಲ, ಕೂಸು ಆಗಲೇ ಹುಟ್ಟಿತ್ತು. ಬಹೀಗಾ ಅತ್ತೆ ಒಂದು ಕಾನೂನಿನ ಅನುಮಾನ ಎತ್ತಿದಳು: ಹಾಗಾದರೆ ಇಂಟರ್ನೆಟ್ಟಿನ ಅರ್ಧ ಮುಂದೆ ಬರುವ ಅಳಿಯನ ಕಡೆಯವರು ಕೊಡಬೇಕಲ್ಲ? ಕೊಡಲೇಬೇಕೆಂದು ಎಲ್ಲರೂ ಒಪ್ಪಿದರು. ಆ ಅಳಿಯ ಯಾರಿರಬಹುದು, ಎಂಥ ಜಿಪುಣರ ಮನೆಯವನಿರಬಹುದು ಎಂಬ ಬಗ್ಗೆ ಸಾಯಂಕಾಲದವರೆಗೆ ಚರ್ಚೆ ನಡೆಯಿತು.

ಆ ನಡುವೆ ಯಾರೋ ಇಂಜಿಯನ್ನು ಏನೆನ್ನುತ್ತೀಯೆಂದು ಕೇಳಿದರು. ಅವಳು ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು, ಪೆಟ್ಟಿಗೆಯ ಕಡೆ ತಿರುಗಿದಳು.

“ಇನ್ನೊಂದು ವರ್ಷಕ್ಕೆ ಇವಳು ನಡೆಯೋಕೆ ಶುರು ಮಾಡ್ತಾಳೆ” ಎಂದಳು. “ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಇಟ್ಟುಬಿಡಿ.”