ಎರಡು ಕಿವಿಯ ಪೆಟ್ಟಿಗೆ

ಬೇಕಾದದ್ದಕ್ಕಿಂತ ದೊಡ್ಡದನ್ನು ಕೊಳ್ಳುವುದು ಒಂದು ಕಾಯಿಲೆ. ನೆಗಡಿಯಂತೆ ಅದೂ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಮೈನಿಂಗ್ ಜೋರಾಗಿದ್ದ ವರ್ಷಗಳಲ್ಲಿ ನಮ್ಮ ಬಳ್ಳಾರಿಯಲ್ಲಿ ಅದು ಹತ್ತದೆ ಉಳಿದ ಮನೆ ಕಡಿಮೆ. ನಮ್ಮ ಓಣಿಯ ತಿರುವಿನಲ್ಲಿ ತಿರುಗದ ಕಾರು ಕೊಂಡವರೊಬ್ಬರು ಅದನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ಒರೆಸಿ ಬರುತ್ತಿದ್ದರು. ಇನ್ನೊಬ್ಬರು ಮನೆಗಿಂತ ಎತ್ತರದ ಗೇಟು ಮಾಡಿಸಿದರು. ಇವರನ್ನೆಲ್ಲ ನೋಡಿ ನಕ್ಕವನು ನಾನು. ನಕ್ಕವನಿಗೂ ಹತ್ತಿತು. ನಾನು ಕೊಂಡದ್ದು ಕಾರಲ್ಲ, ಗೇಟಲ್ಲ, ಫೋಟೋ ಕೂಡಿಡುವ ಒಂದು ಪೆಟ್ಟಿಗೆ. ಅದರ ಕಥೆಯಲ್ಲಿ ನಗುವಷ್ಟು ಭಾಗವನ್ನು ಮಾತ್ರ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇವತ್ತು ಉಳಿದದ್ದನ್ನೂ ಹೇಳಿಬಿಡುತ್ತೇನೆ.

ನಾನು ಫೋಟೋ ಸ್ಟುಡಿಯೋದವನು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ, ಹಿಂದಿನ ಕೋಣೆಯಲ್ಲಿ ಸಂಸಾರ. ರೀಲಿನ ಕಾಲದಲ್ಲಿ ನೆಗೆಟಿವ್‌ಗಳನ್ನು ಬಿಸ್ಕೀಟಿನ ಡಬ್ಬಿಗಳಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತಿದ್ದೆ. ಡಿಜಿಟಲ್ ಬಂದ ಮೇಲೆ ಸೀಡಿಗಳು ಬಂದವು. ನನ್ನ ಹೆಂಡತಿ ಶಾಂತಾ ಒಂದೊಂದರ ಮೇಲೂ ಮಾರ್ಕರಿನಿಂದ ಹೆಸರು, ಊರು ಬರೆದು ಎರಡೆರಡು ಪ್ರತಿ ಮಾಡಿ, ಒಂದನ್ನು ಸ್ಟುಡಿಯೋದಲ್ಲಿ, ಇನ್ನೊಂದನ್ನು ತನ್ನ ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಆದರೆ ಅದಿರಿನವರ ಮದುವೆಗಳು ಶುರುವಾದವಲ್ಲ, ಒಂದೊಂದು ಮದುವೆಗೆ ಸಾವಿರಾರು ಫೋಟೋ. ವಧುವಿನ ಕಿವಿಯೋಲೆಗೊಂದು, ಓಲೆಯ ತಿರುಪಿಗೊಂದು. ಸೀಡಿಗಳು ಗೋಡೆ ಹತ್ತಿದವು. ಒಮ್ಮೆ ಕೊಳಗಲ್ಲಿನ ಗೃಹಪ್ರವೇಶದವರಿಗೆ ಯಾರದೋ ಸೀಮಂತದ ಸೀಡಿ ಕೊಟ್ಟು ಕಳಿಸಿದೆ. ಅವರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಪೂರ್ತಿ ನೋಡಿ, ಆಮೇಲೆ ಬಂದು ಬೈದರು. ಆವತ್ತೇ ತೀರ್ಮಾನಿಸಿದೆ, ಎಲ್ಲ ಫೋಟೋ ಒಂದೇ ಕಡೆ ಇರಬೇಕು ಎಂದು.

ಕಂಪ್ಯೂಟರ್ ಅಂಗಡಿಯ ಶ್ರೀನಿವಾಸುಲು ನನ್ನ ಮುಂದೆ ಎರಡು ಯಂತ್ರ ಇಟ್ಟ. ಒಂದು ಟಿಫಿನ್ ಡಬ್ಬಿಯಷ್ಟಿತ್ತು, ಮೇಜಿನ ಮೇಲೆ ಕೂರುವಂಥದು, ಒಳಗೆ ಎರಡು ಡಿಸ್ಕು. ವೈರು ಹಾಕಿದರೆ ಮನೆಯ ಎಲ್ಲ ಕಂಪ್ಯೂಟರಿನ ಫೋಟೋಗಳೂ ಅದರೊಳಗೆ ಹೋಗಿ ಕೂರುತ್ತವೆ. ಇನ್ನೊಂದು ಉದ್ದಕ್ಕೆ ಮಲಗಿದ ಕರಿಯ ಪೆಟ್ಟಿಗೆ. ಮಾಡುವ ಕೆಲಸ ಅದೇ, ಆದರೆ ಒಳಗೆ ನಾಲ್ಕು ಡಿಸ್ಕು, ಮುಂದೆ ನೀಲಿ ದೀಪಗಳು, ಎರಡೂ ಬದಿಗೆ ಕಿವಿಯಂತೆ ಚಾಚಿದ ಎರಡು ಪಟ್ಟಿ. ಅದನ್ನು ಮೇಜಿನ ಮೇಲೆ ಇಡುವಂತಿಲ್ಲ, ಕಬ್ಬಿಣದ ಚೌಕಟ್ಟಿಗೆ ಎರಡೂ ಕಿವಿಗೆ ಸ್ಕ್ರೂ ಹೊಡೆದು ನಿಲ್ಲಿಸಬೇಕು. ಇಂಥದ್ದೇ ಪೆಟ್ಟಿಗೆಗಳನ್ನು ನಾನು ಒಬ್ಬ ಗಣಿ ಮಾಲೀಕರ ಆಫೀಸಿನ ಉದ್ಘಾಟನೆಯ ಫೋಟೋ ತೆಗೆಯುವಾಗ ನೋಡಿದ್ದೆ. ಗಾಜಿನ ಬಾಗಿಲಿನ ಹಿಂದೆ ಸಾಲಾಗಿ ಕಣ್ಣು ಮಿಟುಕಿಸುತ್ತಿದ್ದವು. ಬಂದವರೆಲ್ಲ ದೇವರ ಮನೆಯ ಮುಂದೆ ನಿಂತಂತೆ ಅದರ ಮುಂದೆ ನಿಂತು ಹೋಗುತ್ತಿದ್ದರು. ಶ್ರೀನಿವಾಸುಲು ವ್ಯಾಪಾರಿಯಾದರೂ ಪ್ರಾಮಾಣಿಕ. ಎಷ್ಟು ಕಂಪ್ಯೂಟರ್ ಅದಾವ ಎಂದು ಕೇಳಿದ. ಎರಡು ಅಂದೆ. "ಹಂಗಾದ್ರ ನಿಮಗ ಸಣ್ಣದು ಸಾಕು ಸಾರ್," ಎಂದ. ಸಾಕು ಎನ್ನುವ ಮಾತನ್ನು ಆ ವರ್ಷಗಳಲ್ಲಿ ನಮ್ಮೂರಲ್ಲಿ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ದೊಡ್ಡದನ್ನೇ ಕಟ್ಟು ಅಂದೆ. ಕಟ್ಟುತ್ತ ಆತ, ನಾಲ್ಕರಲ್ಲಿ ಒಂದು ಡಿಸ್ಕು ಕೆಟ್ಟರೂ ಉಳಿದ ಮೂರು ಸೇರಿ ಅದರ ಫೋಟೋ ಉಳಿಸಿಕೊಡುತ್ತವೆ, ಆದರೂ ಬೇರೆ ಕಡೆ ಒಂದು ಪ್ರತಿ ಇರಲಿ ಎಂದು ಹೇಳಿದ. ಮೊದಲ ಅರ್ಧ ನನ್ನ ಕಿವಿಗೆ ಬಿತ್ತು. ಮನೆಗೆ ಬಂದವನೇ ಇನ್ನು ಸೀಡಿ ಬರೆಯುವ ಕೆಲಸ ನಿಂತಿತು ಎಂದು ಶಾಂತಾಗೆ ಸಾರಿದೆ.

ಪೆಟ್ಟಿಗೆ ಬಂತು, ಚೌಕಟ್ಟಿಲ್ಲ. ಅದನ್ನು ಮಾಡಿಕೊಟ್ಟವರು ಖಾದರ್ ಸಾಬರು. ಕೌಲ್ ಬಜಾರಿನಲ್ಲಿ ಅವರದು ವೆಲ್ಡಿಂಗ್ ಅಂಗಡಿ. ನನ್ನ ಸ್ಟುಡಿಯೋದ ಬಾಗಿಲು, ಲೈಟಿನ ಸ್ಟ್ಯಾಂಡು, ಗಿರಾಕಿಗಳು ಕೂರುವ ಸ್ಟೂಲು, ಎಲ್ಲ ಅವರ ಕೈಯವೇ. ಇಪ್ಪತ್ತು ವರ್ಷದ ಗೆಳೆತನ, ಬಹುವಚನ ಬಿಟ್ಟವರಲ್ಲ. ಪೆಟ್ಟಿಗೆಯನ್ನು ಸುತ್ತ ತಿರುಗಿ ನೋಡಿ, ಅದರ ಕಿವಿ ಹಿಡಿದು ಅಳತೆ ತೆಗೆದುಕೊಂಡು, ಇದರೊಳಗ ಏನಿಡ್ತೀರಿ ಸ್ವಾಮೇರ ಎಂದು ಕೇಳಿದರು. ಊರ ಮಂದಿಯ ಮಾರಿ ಇಡ್ತೀನಿ ಅಂದೆ. ನಂದೊಂದು ಬಿಟ್ಟು ಎಲ್ಲಾರದೂ ಇಡ್ರಿ ಎಂದು ನಕ್ಕರು. ಸಾಬರಿಗೆ ಕ್ಯಾಮರಾ ಎಂದರೆ ಆಗುತ್ತಿರಲಿಲ್ಲ. ವೆಲ್ಡಿಂಗಿನ ಬೆಂಕಿ ಮುಂದೆ ಕಪ್ಪಾದ ಮುಖವನ್ನು ಏನು ನೋಡುತ್ತೀರಿ ಎನ್ನುತ್ತಿದ್ದರು. ಅವರದೆಂದು ಇದ್ದದ್ದು ಮತದಾರರ ಚೀಟಿಯ ಚಿತ್ರ ಒಂದೇ. ಅದರಲ್ಲಿ ಕಣ್ಣು ಮುಚ್ಚಿದ ಒಂದು ಕರಿ ಮಚ್ಚೆ ಕಾಣುತ್ತಿತ್ತು. ಇದನ್ನ ತಗೊಂಡು ಯಾರು ಬೇಕಾದ್ರೂ ಓಟು ಹಾಕಬಹುದು ಎಂದು ಅವರೇ ತೋರಿಸಿ ನಗುತ್ತಿದ್ದರು.

ಚೌಕಟ್ಟು ಬಂದು ಪೆಟ್ಟಿಗೆ ಏರಿದ ದಿನದಿಂದ ಮನೆಯ ಯಜಮಾನ ಬದಲಾದ. ಅದರ ಫ್ಯಾನುಗಳ ಸದ್ದಿಗೆ ಮುಂದಿನ ಕೋಣೆ ಹಿಟ್ಟಿನ ಗಿರಣಿಯಾಯಿತು. ನಗಿರಿ ಎಂದು ನಾನು ಕೂಗಿದರೆ ಗಿರಾಕಿಗಳು ಏನಂತ ಕೇಳಲು ಬಾಯಿ ತೆರೆಯುತ್ತಿದ್ದರು, ಹಾಗೇ ಫೋಟೋ ಬೀಳುತ್ತಿತ್ತು. ಬಳ್ಳಾರಿಯ ಬಿಸಿಲಿಗೆ ಪೆಟ್ಟಿಗೆ ತಡೆಯುವುದಿಲ್ಲವೆಂದು ಏಸಿ ಹಾಕಿಸಿದೆ. ಮೂವತ್ತು ವರ್ಷ ಬೀಸಣಿಕೆಯಲ್ಲಿ ಬೇಸಿಗೆ ಕಳೆದ ಶಾಂತಾ ಹಿಂದಿನ ಕೋಣೆಯಲ್ಲಿ ಬೆವರುತ್ತಿದ್ದಳು, ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ತಣ್ಣಗಿರುತ್ತಿತ್ತು. ಕೆಂಪು ಧೂಳು ಮಾತ್ರ ಯಾರಿಗೂ ಅಂಜುತ್ತಿರಲಿಲ್ಲ. ಅದಿರಿನ ಲಾರಿಗಳ ಧೂಳು ಮುಚ್ಚಿದ ಕಿಟಕಿಯಲ್ಲೂ ನುಗ್ಗಿ ಪೆಟ್ಟಿಗೆಯ ಜಾಲರಿಯಲ್ಲಿ ಕುಂಕುಮದಂತೆ ಕೂರುತ್ತಿತ್ತು. ನಾನು ದಿನಾ ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದೆ. ನನ್ನ ತಾಯಿಯ ಫೋಟೋವನ್ನೂ ನಾನು ಹಾಗೆ ಒರೆಸಿದವನಲ್ಲ.

ಆ ಬೇಸಿಗೆಯಲ್ಲೇ ಸಾಬರ ಒಬ್ಬಳೇ ಮಗಳು ಶಮೀಮಳ ಮದುವೆ ಆಯಿತು. ಸಿರುಗುಪ್ಪದ ಸಂಬಂಧ, ಮದುವೆಯೂ ಅಲ್ಲೇ. ಫೋಟೋ ನನ್ನವೇ. ಊಟ ಮುಗಿಸಿ ಸಾಬರು ಕಿಟಕಿಯ ಪಕ್ಕ ಕೈ ಒರೆಸಿಕೊಳ್ಳುತ್ತ ಕೂತಿದ್ದರು. ಶಮೀಮ ಬಂದು ಅವರ ಕಿವಿಯಲ್ಲಿ ಏನೋ ಅಂದಳು. ಸಾಬರು ಬಾಯ್ತುಂಬ ನಕ್ಕರು. ನಾನು ಫೋಟೋ ಹೊಡೆದೆ. ಅವರ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇತ್ತೆಂಬುದು ಇಪ್ಪತ್ತು ವರ್ಷದಲ್ಲಿ ನನಗೆ ಆವತ್ತೇ ಗೊತ್ತಾದದ್ದು. ಕ್ಯಾಮರಾದಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, ಇದೊಂದು ಇರ್ಲಿ ಬಿಡ್ರಿ ಅಂದರು. ಫೋಟೋಗಳೆಲ್ಲ ಪೆಟ್ಟಿಗೆಗೆ ಹೋದವು, ಕ್ಯಾಮರಾದ ಕಾರ್ಡು ಖಾಲಿಯಾಯಿತು. ಆಲ್ಬಂ? ಗೆಳೆಯರ ಆಲ್ಬಂ ಯಾವ ಫೋಟೋಗ್ರಾಫರ್ ಬೇಗ ಮಾಡಿದ್ದಾನೆ ಹೇಳಿ. ಅದಿರಿನವರ ಆಲ್ಬಂಗಳು ಸರದಿಯಲ್ಲಿ ನಿಂತಿದ್ದವು. ಅವರು ತಡವಾದರೆ ಬೈಯುವವರು, ಸಾಬರು ಚಹಾ ಕುಡಿಸುವವರು. ಯಾರದು ಮೊದಲಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆ ಸಾಬರು ಕೇಳುವರು, ವಾರಕ್ಕೊಮ್ಮೆ ನಾನು ಡಿಸೈನ್ ನಡದೈತಿ ಎನ್ನುವೆ.

ಆಯುಧ ಪೂಜೆ ಬಂತು. ನಮ್ಮಲ್ಲಿ ಅಂದು ಅನ್ನ ಕೊಡುವ ವಸ್ತುಗಳಿಗೆಲ್ಲ ವಿಶ್ರಾಂತಿ. ಕ್ಯಾಮರಾ, ಫ್ಲ್ಯಾಶು, ಟ್ರೈಪಾಡು, ಸ್ಕೂಟರು, ಎಲ್ಲ ಒರೆಸಿ ಸಾಲಾಗಿ ಇಟ್ಟೆ. ಪೆಟ್ಟಿಗೆಯನ್ನು ಬಿಡುವುದುಂಟೇ? ಸ್ಕ್ರೂ ಬಿಚ್ಚುವುದು ಕಷ್ಟವಾಗಿ, ಡಿಸ್ಕುಗಳನ್ನು ಮೇಜಿನ ಖಾನೆಯಂತೆ ಎಳೆದು ತೆಗೆಯಬಹುದೆಂದು ಶ್ರೀನಿವಾಸುಲು ತೋರಿಸಿದ್ದು ನೆನಪಾಯಿತು. ನಾಲ್ಕನ್ನೂ ಎಳೆದೆ. ಧೂಳು ಒರೆಸಿ, ಒಂದೊಂದಕ್ಕೂ ಮೂರು ಬೆರಳ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ದೇವಿಯ ಮುಂದೆ ತಟ್ಟೆಯಲ್ಲಿ ಜೋಡಿಸಿದೆ. ಅವುಗಳನ್ನ ಯಾಕ ಮುಟ್ಟಿದ್ರಿ ಎಂದು ಶಾಂತಾ ಕೇಳಿದಳು. ನಾಸ್ತಿಕಳಂತೆ ಮಾತಾಡಬ್ಯಾಡ ಅಂದೆ. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದೆ. ಆಮೇಲೆ ಡಿಸ್ಕುಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ಪೆಟ್ಟಿಗೆಗೆ ತುರುಕಿದೆ. ಅವಕ್ಕೂ ಒಂದು ಸರದಿ ಇರುತ್ತದೆ, ಅದು ತಪ್ಪಿದರೆ ಈ ಪೆಟ್ಟಿಗೆಗೆ ತನ್ನದೇ ಡಿಸ್ಕುಗಳ ಗುರುತು ಸಿಗುವುದಿಲ್ಲ ಎಂದು ನನಗೆ ಯಾರು ಹೇಳಬೇಕು? ಪೆಟ್ಟಿಗೆ ಚೀರಿತು. ಕಂಪ್ಯೂಟರಿನ ಮೇಲೆ ಇಂಗ್ಲಿಷಿನಲ್ಲಿ ಬಹಳಷ್ಟು ಹೇಳಿತು. ನನಗೆ ತಿಳಿದದ್ದು ಕೊನೆಯ ಸಾಲು, ಎಲ್ಲವನ್ನೂ ಹೊಸದಾಗಿ ಶುರು ಮಾಡಲೇ ಎಂಬುದು. ಹಬ್ಬದ ದಿನ ಹೊಸದಾಗಿ ಶುರು ಮಾಡಲೇ ಎಂದು ಕೇಳಿದರೆ ಬೇಡ ಎನ್ನುವವರು ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ಕಣ್ಣು ಮುಚ್ಚಿ, ದೇವಿಯನ್ನು ನೆನೆದು, ಹೂಂ ಎಂದು ಒತ್ತಿದೆ. ಅದು ಹೊಸದಾಗಿ ಶುರು ಮಾಡಿತು.

ಶ್ರೀನಿವಾಸುಲು ಬಂದು ಡಿಸ್ಕು ಎಳೆದು, ಅದರ ಮೇಲಿನ ವಿಭೂತಿ ನೋಡಿ ಕೈಮುಗಿದ. ಡಿಸ್ಕಿಗೋ ನನಗೋ ತಿಳಿಯಲಿಲ್ಲ. ಬೆಂಗಳೂರಿಗೆ ಕಳಿಸಿದ, ಅಲ್ಲಿಂದಲೂ ಏನೂ ಉಳಿದಿಲ್ಲ ಎಂದು ವಾಪಸು ಬಂತು. ದೊಡ್ಡವರ ಆಲ್ಬಂಗಳೆಲ್ಲ ಮೊದಲೇ ಮುಗಿದು ಮನೆ ಸೇರಿದ್ದವು. ಮಾಡದೆ ಉಳಿದದ್ದು ಒಂದೇ ಮದುವೆಯ ಆಲ್ಬಂ. ಇದನ್ನು ಸಾಬರಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಅವರು ಕೇಳಿದರೆ ಹೇಳೋಣ ಅಂದುಕೊಂಡೆ, ಕೇಳಿದರೆ ಏನು ಹೇಳಲಿ ಎಂದು ಹೆದರಿಕೊಂಡೂ ಇದ್ದೆ. ವಿಚಿತ್ರವೆಂದರೆ ಹಬ್ಬದ ನಂತರ ಅವರು ಕೇಳುವುದನ್ನೇ ಬಿಟ್ಟರು. ಚಹಾ ಕುಡಿಯುವಾಗ ಮಳೆ, ಲಾರಿ, ಕಬ್ಬಿಣದ ರೇಟು ಎಲ್ಲ ಮಾತಾಡುವರು, ಆಲ್ಬಂ ಮಾತ್ರ ಇಲ್ಲ. ಮಗಳು ಗಂಡನ ಮನೆಯಲ್ಲಿ ಹೊಂದಿಕೊಂಡಿದ್ದಾಳೆ, ಸಾಬರು ಮರೆತಿದ್ದಾರೆ ಎಂದುಕೊಂಡೆ. ನನಗೆ ಜೀವ ಬಂದಂತಾಯಿತು.

ಅದಾದ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಸಾಬರು ಸ್ಟುಡಿಯೋಕ್ಕೆ ಬಂದರು. ಮಡಿಕೆ ಮುರಿಯದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಗಡ್ಡ ಒಪ್ಪ ಮಾಡಿಸಿದ್ದರು. ಬಂದವರೇ ತಾವೇ ಮಾಡಿದ ಸ್ಟೂಲಿನ ಮೇಲೆ ಕೂತು, ಯಾಕೋ ನಾಚಿಕೊಂಡು ಅಂದರು: "ಒಂದು ಫೋಟೋ ಹೊಡೀರಿ ಸ್ವಾಮೇರ."

ನಾನು ಕುರುಗೋಡಿಗೆ ಹೊರಟಿದ್ದೆ. ಒಬ್ಬ ಗಣಿ ಗುತ್ತಿಗೆದಾರರ ಮೊಮ್ಮಗನ ನಾಮಕರಣ, ಕಾರು ಬಾಗಿಲಲ್ಲಿ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ಸಾಬರು ಕೂತು ಮಾತಿಗೆ ತೆರೆದುಕೊಂಡರೆ ಆಲ್ಬಂ ನೆನಪಾದೀತು ಎಂಬ ಅಂಜಿಕೆ. "ಬೆಳಕು ಸರಿ ಇಲ್ರಿ ಸಾಬ್ರ, ನಾಳಿ ಬರ್ರಿ," ಅಂದೆ. ಸ್ಟುಡಿಯೋದಲ್ಲಿ ನಾಲ್ಕು ದೀಪ ಇದ್ದವು. ಸಾಬರು ಆ ನಾಲ್ಕನ್ನೂ ನೋಡಿದರು. ಆಯ್ತ್ರಿ ಎಂದು ಎದ್ದು, ಹೋಗುವಾಗ ಚೌಕಟ್ಟನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಗಟ್ಟಿ ಐತಿ ಅಂದುಕೊಂಡು ಹೋದರು. ನಾಳೆ ನಾನು ಊರಲ್ಲಿರಲಿಲ್ಲ, ನಾಡಿದ್ದೂ ಇರಲಿಲ್ಲ. ನಾಲ್ಕನೆಯ ದಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿರುವಾಗಲೇ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಮುಗಿಸಿಕೊಂಡು ಶಮೀಮ ಬಂದಳು. ಏಸಿಯ ಕೋಣೆಯಲ್ಲಿ ನಾನು ಬೆವೆತುಹೋದೆ. ಈ ಸಲ ಸುಳ್ಳು ಹೇಳುವಷ್ಟು ಶಕ್ತಿ ಇರಲಿಲ್ಲ. ನಿನ್ನ ಮದುವಿ ಫೋಟೋ ಎಂದು ಶುರು ಮಾಡಿದೆ. ಆಕೆ ತಡೆದಳು.

"ಹೋಗ್ಯಾವು ಅಂತ ಗೊತ್ತೈತಿ ಕಾಕಾ. ಹಬ್ಬದ ಮರುದಿನಾನ ಕಾಕಿ ಅಬ್ಬಾಗ ಹೇಳಿದ್ರಂತ. ಕಾಕಾನ ಮುಂದ ಆ ಮಾತು ಎತ್ತಬ್ಯಾಡ, ಸಂಕಟ ಪಡ್ತಾರ ಅಂದಿದ್ರು ಅಬ್ಬಾ. ನಾ ಅದನ್ನ ಕೇಳಾಕ ಬಂದಿಲ್ಲ. ಹೊಸ ಅಂಗಿ ಹಾಕ್ಕೊಂಡು ನಿಮ್ಮಲ್ಲಿ ಫೋಟೋ ತೆಗೆಸ್ಕೊಳ್ಳಾಕ ಬಂದಿದ್ರಂತಲ್ಲ, ಅದೊಂದು ಕೊಡ್ರಿ."

ಬಾಗಿಲಲ್ಲಿ ಶಾಂತಾ ಸೆರಗು ಹಿಡಿದು ನಿಂತಿದ್ದಳು. ಸಾಬರು ತಮಗೆ ಆಗದ ಕ್ಯಾಮರಾದ ಮುಂದೆ, ನನ್ನ ತಪ್ಪನ್ನು ತುಂಬಿಕೊಡಲೆಂದೇ, ಗಡ್ಡ ಒಪ್ಪ ಮಾಡಿಸಿಕೊಂಡು ಬಂದು ಕೂತಿದ್ದರು. ನನ್ನಂಥ ದರಿದ್ರನ ಬಾಯಲ್ಲಿ ಬಂದದ್ದು ಬೆಳಕಿನ ಮಾತು.

"ತೆಗೀಲಿಲ್ಲವ್ವ," ಅಂದೆ. "ನಾಳಿ ಬರ್ರಿ ಅಂದೆ."

ಶಮೀಮ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಶಾಂತಾ ಕೊಟ್ಟ ನೀರು ಕುಡಿದು, ಚೌಕಟ್ಟಿನ ಹತ್ತಿರ ಹೋಗಿ, ಕಬ್ಬಿಣ ಕೂಡುವ ಜಾಗದಲ್ಲಿ ವೆಲ್ಡಿಂಗಿನ ಗಂಟಿನ ಮೇಲೆ ಬೆರಳು ಆಡಿಸಿದಳು. ಇದು ಅಬ್ಬಾಂದಾ ಎಂದು ಕೇಳಿದಳು. ಹೌದಂದೆ. ಬರ್ತೀನಿ ಕಾಕಾ ಎಂದು ಸಿರುಗುಪ್ಪದ ಬಸ್ಸಿಗೆ ಹೋದಳು.

ಪೆಟ್ಟಿಗೆಯನ್ನು ಆಮೇಲೆ ಗುಜರಿಗೆ ಹಾಕಿದೆ. ಚೌಕಟ್ಟು ಇದೆ. ಅದರ ಮೇಲೆ ಈಗ ಶಾಂತಾ ಬರೆದ ಸೀಡಿಗಳು, ಬಿಸ್ಕೀಟಿನ ಡಬ್ಬಿಗಳು, ಎರಡು ಭರಣಿ ಮಾವಿನ ಉಪ್ಪಿನಕಾಯಿ. ಇಷ್ಟಾದರೂ ಊರಲ್ಲಿ ನನಗೆ ಆ ಯಂತ್ರಗಳ ಪರಿಣತ ಎಂಬ ಹೆಸರು ಉಳಿದುಬಿಟ್ಟಿದೆ. ಯಾವ ಪೆಟ್ಟಿಗೆ ಕೊಳ್ಳಲಿ ಎಂದು ಕೇಳಿಕೊಂಡು ಜನ ಈಗಲೂ ಬರುತ್ತಾರೆ. ಸಣ್ಣದು ಸಾಕು ಅನ್ನುತ್ತೇನೆ, ಯಾರೂ ಕೇಳುವುದಿಲ್ಲ. ಆದರೆ ಅದನ್ನು ಹೇಳುವ ಮುಂಚೆ ಬಂದವರನ್ನು ಆ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆದುಬಿಡುತ್ತೇನೆ. ಸಲಹೆ ಕೇಳಲು ಬಂದವರನ್ನು ಹೀಗೆ ಹಿಡಿದು ಕೂರಿಸಿದರೆ ಮಂದಿ ನಿಮಗ ತಲಿ ಕೆಟ್ಟೈತಿ ಅಂತಾರ ಎಂದು ಶಾಂತಾ ಹೇಳುತ್ತಾಳೆ. ಕೆಲವರು ತಪ್ಪಿಸಿಕೊಳ್ಳಲು ನೋಡುತ್ತಾರೆ, ಇವತ್ತು ಬೆಳಕು ಸರಿ ಇಲ್ಲ ಅಲ್ಲೇನ್ರಿ, ನಾಳೆ ಬರ್ತೀವಿ ಎನ್ನುತ್ತಾರೆ. ನಾನು ಬಾಗಿಲಿಗೆ ಅಡ್ಡ ನಿಂತು, ನಾಲ್ಕೂ ದೀಪ ಹಾಕುತ್ತೇನೆ.