ನೇರ ಮೂಗಿನ ಭಾವ

ಮನುಷ್ಯರ ಮುಖ ನೆನಪಿಟ್ಟುಕೊಳ್ಳುವ ವಿಷಯದಲ್ಲಿ ನಾನು ಶುದ್ಧ ದಡ್ಡ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ; ಒಪ್ಪಿಕೊಳ್ಳದಿದ್ದರೂ ಎದುರಿಗಿದ್ದವರಿಗೆ ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಜಯನಗರದ ಕಾಂಪ್ಲೆಕ್ಸ್ ಹತ್ತಿರ ತರಕಾರಿ ಆರಿಸುತ್ತಿರುವಾಗ ಯಾರಾದರೂ ಬಂದು "ಏನ್ ಸಾರ್, ಗುರುತು ಸಿಕ್ತಾ?" ಎಂದರೆ, "ಸಿಗದೆ ಏನು" ಎಂದು ದೊಡ್ಡದಾಗಿ ನಗುತ್ತೇನೆ. ಆಮೇಲೆ ಮನೆಯವರೆಲ್ಲ ಹೇಗಿದ್ದಾರೆ, ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಒಂದೊಂದಾಗಿ ಕೇಳುತ್ತ, ಬರುವ ಉತ್ತರಗಳಿಂದ ಆಸಾಮಿ ಯಾರೆಂದು ಲೆಕ್ಕ ಹಾಕುತ್ತ ನಿಲ್ಲುತ್ತೇನೆ. ಒಮ್ಮೆ ಹೀಗೆ ಕಾಲು ಗಂಟೆ ವಿಚಾರಿಸಿದ ಮೇಲೆ, ಅವರು ನಮ್ಮ ಮೇಲಿನ ಫ್ಲ್ಯಾಟಿನವರೇ ಎಂದು ತಿಳಿಯಿತು.

ಇಂಥವನ ಹವ್ಯಾಸ ನೋಡಿ. ಸಾವಿರದ ಏಳುನೂರು ವರ್ಷಗಳ ಹಿಂದೆ ಸತ್ತುಹೋದ ರೋಮನ್ ಚಕ್ರವರ್ತಿಗಳನ್ನು ಮುಖ ನೋಡಿ ಗುರುತು ಹಿಡಿಯುವುದು. ವಿಮಾ ಕಚೇರಿಯಿಂದ ನಿವೃತ್ತನಾದ ವರ್ಷ, ಕಲ್ಯಾಣಮಂಟಪವೊಂದರಲ್ಲಿ ನಡೆದ ನಾಣ್ಯ ಪ್ರದರ್ಶನಕ್ಕೆ ಬಿಸಿಲು ತಪ್ಪಿಸಿಕೊಳ್ಳಲು ಹೋದವನು, ಸವೆದ ತಾಮ್ರದ ಬಿಲ್ಲೆಗಳ ಒಂದು ಪುಟ್ಟ ಪೊಟ್ಟಣ ಹಿಡಿದು ಹೊರಗೆ ಬಂದೆ. ಅಂದಿನಿಂದ ಈ ಗೀಳು ಬಿಟ್ಟಿಲ್ಲ. ಈ ನಾಣ್ಯಗಳ ಅಂಚಿನಲ್ಲಿ ಚಕ್ರವರ್ತಿಯ ಹೆಸರು ಇರಬೇಕು. ಆದರೆ ನನ್ನ ಯೋಗ್ಯತೆಗೆ ಸಿಗುವವುಗಳಲ್ಲಿ ಹೆಸರು ಅಳಿಸಿಹೋಗಿ ಬರೀ ಮುಖ ಉಳಿದಿರುತ್ತದೆ. ಮೊದಮೊದಲಿನ ಚಕ್ರವರ್ತಿಗಳಾದರೆ ಪರವಾಗಿಲ್ಲ, ಗದ್ದದ ಕೆಳಗಿನ ಜೋಲುಚರ್ಮವನ್ನೂ ಬಿಡದೆ ಕೆತ್ತಿದ್ದಾರೆ. ಕೊನೆಗಾಲದವರಿಗೆ ಬಂದರೆ ಎಲ್ಲರದೂ ಒಂದೇ ಮುಖ: ಚೌಕ ತಲೆ, ದಪ್ಪ ಕತ್ತು, ಕುರುಚಲು ಗಡ್ಡ, ಬಿಟ್ಟ ಕಣ್ಣು. ನನ್ನ ಹೆಂಡತಿ ವಿಮಲ ಒಮ್ಮೆ ಭೂತಗನ್ನಡಿಯಲ್ಲಿ ನೋಡಿ, "ಎಲ್ರೂ ಒಂದೇ ಥರ ಇದ್ದಾರಲ್ರೀ, ಬಸ್ಸು ಮಿಸ್ ಮಾಡ್ಕೊಂಡೋರ ಥರ" ಎಂದು ಕುಕ್ಕರ್ ಕೂಗಿತೆಂದು ಒಳಗೆ ಹೋದಳು.

ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಸಾಮ್ರಾಜ್ಯ ದೊಡ್ಡದಾಯಿತೆಂದು ಡಯೋಕ್ಲಿಷಿಯನ್ ಎಂಬ ಚಕ್ರವರ್ತಿ ಮ್ಯಾಕ್ಸಿಮಿಯನ್ ಎಂಬುವನನ್ನು ಜೊತೆಗೆ ಸೇರಿಸಿಕೊಂಡ. ತಮ್ಮಿಬ್ಬರಲ್ಲಿ ಭೇದವಿಲ್ಲ ಎಂದು ಪ್ರಜೆಗಳಿಗೆ ತೋರಿಸಲು ಇಬ್ಬರ ಮುಖವನ್ನೂ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಕೆತ್ತಿಸಿದರು. ಅಲ್ಲದೆ ದೂರದ ಟಂಕಸಾಲೆಯ ಕೆತ್ತನೆಗಾರ ಹೊಸ ದೊರೆಯನ್ನು ಕಂಡಿರುತ್ತಿರಲಿಲ್ಲ. ಹಳೆಯ ದೊರೆಯ ಮುಖಕ್ಕೆ ಹೊಸ ಹೆಸರು ಬರೆದು ಕೈತೊಳೆದುಕೊಳ್ಳುತ್ತಿದ್ದ. ನಮ್ಮ ಫ್ಲೆಕ್ಸಿನವರು ಪುಣ್ಯವಂತರು, ಫೋಟೋ ಆದರೂ ಸಿಗುತ್ತದೆ. ಆದರೂ ವರ್ಷಗಟ್ಟಲೆ ಕಣ್ಣು ಕೀಲಿಸಿ ನಾನೊಂದು ಗುಟ್ಟು ಕಲಿತಿದ್ದೇನೆ. ಕಿರೀಟ, ಗಡ್ಡ ಇವನ್ನೆಲ್ಲ ನಂಬಬಾರದು, ಮೂಗು ನೋಡಬೇಕು. ಹಿರಿಯವನದು ನೇರ ಮೂಗು. ಜೊತೆಗಾರನದು ತುದಿ ಮೇಲೆದ್ದ ಮೊಂಡು ಮೂಗು.

ಈ ವಿದ್ಯೆಯಿಂದ ಮನೆಗೆ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ವಿಮಲ ಹೇಳುತ್ತಿದ್ದಳು, ಮೊನ್ನೆ ಭಾನುವಾರದ ತನಕ.

ನಮ್ಮ ಮಗಳು ಶ್ರುತಿಯ ಮದುವೆ ಗೊತ್ತಾಗಿದೆ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ವಿಮಲಳಿಗೆ ಒಡಹುಟ್ಟಿದವರಿಲ್ಲ, ಇರುವವರು ದೊಡ್ಡಪ್ಪನ ಮಕ್ಕಳಿಬ್ಬರೇ, ಅಣ್ಣ ಶ್ರೀಪತಿ, ತಮ್ಮ ಶ್ರೀಧರ. ಬಳ್ಳಾರಿ ಕಡೆ ಕೆಲಸದಲ್ಲಿದ್ದು, ನಿವೃತ್ತರಾದ ಮೇಲೆ ಉತ್ತರಹಳ್ಳಿಯಲ್ಲಿ ಒಟ್ಟಿಗೆ ಮನೆ ಕಟ್ಟಿಸಿಕೊಂಡಿದ್ದಾರೆ. ಇಬ್ಬರಿಗೂ ಒಂದೇ ಎತ್ತರ, ಒಂದೇ ಬಕ್ಕತಲೆ, ಒಂದೇ ಗಾಂಭೀರ್ಯ. ಮೂರು ವರ್ಷದ ಹಿಂದೆ ನಮ್ಮ ಗೃಹಪ್ರವೇಶದಲ್ಲಿ ನಾನು ಶ್ರೀಧರನ ಕೈಹಿಡಿದು "ಭಾವ, ನೀವಿಲ್ಲಿ ಬನ್ನಿ" ಎಂದು ಪಂಕ್ತಿಯ ಮೊದಲಲ್ಲಿ ಕೂರಿಸಿದೆ. ನಿಜವಾದ ಭಾವ ಶ್ರೀಪತಿಯವರ ಬೆನ್ನು ತಟ್ಟಿ "ಏನಪ್ಪ ಶ್ರೀಧರ, ಸಂಕೋಚ ಪಟ್ಕೋಬೇಡ, ಚೆನ್ನಾಗಿ ಊಟ ಮಾಡು" ಎಂದೆ. ಪಾಯಸ ಬರುವಷ್ಟರಲ್ಲಿ ಭಾವ ಎದ್ದು ಹೋಗಿದ್ದರು. ಆಮೇಲೆ ಒಂದು ಹಬ್ಬಕ್ಕೂ ನಮ್ಮ ಮನೆಗೆ ಬಂದಿಲ್ಲ.

"ಪತ್ರಿಕೆ ಮೊದ್ಲು ಶ್ರೀಪತಣ್ಣನ ಕೈಗೇ ಹೋಗ್ಬೇಕು" ಎಂದು ಉತ್ತರಹಳ್ಳಿಗೆ ಹೋಗುವ ಆಟೋದಲ್ಲಿ ವಿಮಲ ನಾಲ್ಕು ಸಲ ಹೇಳಿದಳು. "ಈ ಸಲಾನೂ ತಪ್ಪಾದ್ರೆ ಶ್ರುತೀನ ಹಸೆಗೆ ಕರ್ಕೊಂಡ್ ಬರೋಕೆ ಯಾರೂ ಇರಲ್ಲ. ಅಣ್ಣ ಕನ್ನಡಕ ಹಾಕ್ತಾನೆ, ಶ್ರೀಧರ ಹಾಕಲ್ಲ. ಅಷ್ಟು ನೆನಪಿಟ್ಕೊಳಿ ಸಾಕು." ಪಕ್ಕದಲ್ಲಿ ಅವಳೇ ಇರುತ್ತಾಳಲ್ಲ ಎಂದು ನಾನು ಧೈರ್ಯವಾಗಿದ್ದೆ.

ಹೊಸಿಲು ದಾಟಿದ್ದೇ ತಡ, ಅವಳ ಅತ್ತಿಗೆ ಬಂದು "ಬಾ ವಿಮಲಾ" ಎಂದು ಅಡುಗೆಮನೆಗೆ ಎಳೆದುಕೊಂಡು ಹೋದರು. ಹಾಲಿನಲ್ಲಿ ನಾನು, ಕೈಯಲ್ಲಿ ಅರಿಸಿನ ಹಚ್ಚಿದ ಪತ್ರಿಕೆ, ಎದುರಿಗೆ ಪೇಪರ್ ಓದುತ್ತ ಕುಳಿತ ಇಬ್ಬರು. ಇಬ್ಬರಿಗೂ ಕನ್ನಡಕ. "ಬನ್ನಿ, ಕೂತ್ಕೊಳಿ" ಎಂದರು ಇಬ್ಬರೂ ಒಟ್ಟಿಗೆ. ಕುಳಿತೆ. ಬಿಸಿಲಿನ ಬಗ್ಗೆ ಮಾತಾಡಿದೆ. ಉತ್ತರಹಳ್ಳಿ ರಸ್ತೆಯ ಟ್ರಾಫಿಕ್ ಬಗ್ಗೆ ನನಗಿರುವ ಅಭಿಪ್ರಾಯವನ್ನೆಲ್ಲ ಹೇಳಿ ಮುಗಿಸಿದೆ. ಪತ್ರಿಕೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಆಗ ಎಡಗಡೆಯವರು ಸದ್ದು ಕೇಳಿ ಕಿಟಕಿಯತ್ತ ತಿರುಗಿದರು. ಪಕ್ಕದ ನೋಟ ಸಿಕ್ಕಿತು. ನೇರ ಮೂಗು. ಸ್ವಲ್ಪ ಹೊತ್ತಿಗೆ ಬಲಗಡೆಯವರೂ ತಿರುಗಿದರು. ಮೊಂಡು ಮೂಗು. ಯಾವ ಮೂಗು ಯಾರದೆಂದು ನನಗೇನು ಗೊತ್ತು? ರೋಮಿನ ನಿಯಮ ಉತ್ತರಹಳ್ಳಿಗೆ ಅನ್ವಯಿಸಬೇಕೆಂದೂ ಇಲ್ಲ. ಆದರೆ ನೇರ ಮೂಗಿನವರ ಕೈಯಲ್ಲಿ ಪೇಪರಿನ ಮುಖ್ಯ ಹಾಳೆಗಳಿದ್ದವು, ಮೊಂಡು ಮೂಗಿನವರ ಕೈಯಲ್ಲಿ ಪುರವಣಿ. ಒಂದೇ ಪೇಪರ್ ತರಿಸುವ ಮನೆಯಲ್ಲಿ ತಮ್ಮನಾದವನಿಗೆ ಮೊದಲು ಸಿಗುವುದು ಪುರವಣಿಯೇ. ತಮ್ಮನಾಗಿ ಹುಟ್ಟಿದ ನನಗೆ ಇದು ಚೆನ್ನಾಗಿ ಗೊತ್ತು. ದೇವರ ಮೇಲೆ ಭಾರ ಹಾಕಿ ಎದ್ದು, ನೇರ ಮೂಗಿನ ಮುಂದೆ ಬಗ್ಗಿ, "ಭಾವ, ನೀವೇ ಮುಂದೆ ನಿಂತು ಶ್ರುತಿ ಮದುವೆ ನಡೆಸಿಕೊಡ್ಬೇಕು" ಎಂದೆ.

ಅವರು ಕನ್ನಡಕ ತೆಗೆದಿಟ್ಟು, ಎದ್ದು ನಿಂತು, ಎರಡೂ ಕೈಯಲ್ಲಿ ಪತ್ರಿಕೆ ತೆಗೆದುಕೊಂಡರು. "ಬರದೆ ಇರ್ತೀನಾ? ನನ್ ಸ್ವಂತ ತಂಗಿ ಮಗಳಿದ್ದ ಹಾಗೆ ಅವಳು" ಎಂದರು. ನನಗೆ ಹೋದ ಜೀವ ಬಂತು. ಅಡುಗೆಮನೆ ಬಾಗಿಲಲ್ಲಿ ವಿಮಲ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಫಿ ಕುಡಿಯುತ್ತ ಭಾವ ಮನಸ್ಸು ಬಿಚ್ಚಿದರು. "ಕೋಪ ಇತ್ತು, ಸುಳ್ಳು ಹೇಳಲ್ಲ. ಗೃಹಪ್ರವೇಶದಲ್ಲಿ ನಿಮ್ಮಣ್ಣ ಬಂದು ಶ್ರೀಧರ ಅಂತ ನನ್ ಬೆನ್ನು ತಟ್ಟಿದ್ರು. ಅದಕ್ಕಲ್ಲ. ಪಾಪ, ವಯಸ್ಸಾದೋರು, ಅವರಿಗೆ ಏನನ್ನೋದು? ಮನೆ ಯಜಮಾನ್ರು ನೀವು, ಒಂದ್ ಸಲಾನೂ ಬಂದು ಮಾತಾಡಿಸ್ಲಿಲ್ಲವಲ್ಲ, ಅದು ಬೇಜಾರಾಯ್ತು. ಇವತ್ತೂ ಅಷ್ಟೇ, ವಿಮಲ ಜೊತೆ ಬಂದಿದ್ದಕ್ಕೆ ನೀವು ಅಂತ ಗೊತ್ತಾಯ್ತು."

ನನ್ನ ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ನೋಡಲು ಮಾತ್ರ ಇಬ್ಬರೂ ಒಂದೇ ಥರ, ಅದೇ ಮುಖ, ಅದೇ ಬಿಳಿ ತಲೆ. ಗೃಹಪ್ರವೇಶದ ದಿನ ಜ್ವರ ಬಂದು ಮೈಸೂರಿನಲ್ಲಿ ಮಲಗಿದ್ದ. ಇದನ್ನು ಭಾವನಿಗೆ ಹೇಳುವುದು ನನ್ನ ಧರ್ಮವಾಗಿತ್ತು. ನಾನು ಕಾಫಿ ಲೋಟ ಕೆಳಗಿಟ್ಟು, "ಹೌದು ಭಾವ, ಅಣ್ಣನಿಗೆ ಈಚೀಚೆಗೆ ಮರೆವು ಜಾಸ್ತಿ" ಎಂದೆ. ಭಾವ ಮರುಕದಿಂದ ತಲೆಯಾಡಿಸಿ, "ಮದುವೇಲಿ ನಾನೇ ಹುಡುಕ್ಕೊಂಡು ಹೋಗಿ ಅವರನ್ನ ಮಾತಾಡಿಸ್ತೀನಿ ಬಿಡಿ" ಎಂದರು.

ಮನೆಗೆ ಬಂದವನೇ ತಲೆಗೆ ಬಣ್ಣ ಹಾಕಿಸಿಕೊಳ್ಳಲು ಹೊರಟೆ. ವಿಮಲ ಬಾಗಿಲಿಗೆ ಅಡ್ಡ ನಿಂತಳು. "ಶ್ರೀಪತಣ್ಣ ಈಗ ತಾನೇ ನಿಮ್ಮನ್ನ ಗುರುತು ಹಿಡಿದಿದ್ದಾನೆ. ಮದುವೆ ಮುಗಿಯೋವರೆಗೂ ಆ ತಲೇನ ಮುಟ್ಟಬೇಡಿ."

ಅವಳು ಹೇಳುವುದೂ ಸರಿ. ಹಾಗಾಗಿ ಅಣ್ಣನಿಗೆ ಫೋನ್ ಮಾಡಿ, ಮದುವೆಗೆ ಬರುವಾಗ ತಲೆಗೆ ಕಪ್ಪು ಬಣ್ಣ ಹಾಕಿಸಿಕೊಂಡು ಬಾ ಎಂದೆ. "ಯಾಕೋ?" ಎಂದ. "ನಿನಗೆ ಚೆನ್ನಾಗಿ ಒಪ್ಪುತ್ತೆ" ಎಂದೆ. ಪಾಪ, ತಮ್ಮನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಅತ್ತಿಗೆಗೆ ಕರೆದು ಹೇಳಿದ.