ಬೆಳಗಾವಿಯಿಂದ ಪುಕ್ಕಟೆ ಬಂದ ನಾಯಿ

ನಮ್ಮ ಕಾಕಾ ಯಾರನ್ನೂ ನಂಬುವುದಿಲ್ಲ. ಇದನ್ನಾದರೂ ನೀವು ನಂಬಬೇಕು. ಬೀದಿಯಲ್ಲಿ ಯಾರಾದರೂ ನಗುತ್ತ "ನಮಸ್ಕಾರ್ರೀ" ಅಂದರೆ ನಾವು ನೀವು ತಿರುಗಿ ನಮಸ್ಕಾರ ಅನ್ನುತ್ತೇವಲ್ಲವೆ? ಕಾಕಾ "ಯಾಕ?" ಅನ್ನುತ್ತಾರೆ!

ಅವರದೂ ಪೂರ್ತಿ ತಪ್ಪಲ್ಲ ಬಿಡಿ. ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮೇಲೆ, ಅಂದರೆ ಕಬ್ಬಿನ ಗಾಡಿ ತೂಗುವ ಕಟ್ಟೆಯ ಮೇಲೆ, ಮೂವತ್ತು ವರ್ಷ ಕೂತವರು. ಹೊರೆಯೊಳಗೆ ಕಲ್ಲು ಮುಚ್ಚಿ ತಂದವರು, ಕಬ್ಬಿಗೆ ನೀರು ಹೊಡೆದು ತಂದವರು, ತೂಗುವ ಹೊತ್ತಿಗೆ ಗಾಡಿಯ ಹಿಂದೆ ಜೋತುಬಿದ್ದವರು, ಎಲ್ಲರನ್ನೂ ಹಿಡಿದವರು. ನಿವೃತ್ತರಾಗಿ ಬನಹಟ್ಟಿಯ ಮನೆಗೆ ಬಂದರು, ಕಣ್ಣು ಮಾತ್ರ ನಿವೃತ್ತವಾಗಲಿಲ್ಲ. ಜಮಖಂಡಿಯಲ್ಲಿ ಮಾಸ್ತರಿಕೆ ಮಾಡುವ ನಾನು, ಸ್ವಂತ ಅಣ್ಣನ ಮಗಳು, ಪ್ರೀತಿಯಿಂದ ಪೇಢೆ ಒಯ್ದರೂ "ಏನರ ಕೆಲಸಿತ್ತೇನ ತಂಗಿ?" ಎಂದು ಕೇಳುತ್ತಿದ್ದರು.

ಹಿತ್ತಲಿನ ನುಗ್ಗೆಗಿಡದ ಕಾಯಿ ಕಾಣೆಯಾಗತೊಡಗಿದ್ದೇ ನಾಯಿಯ ಕಥೆಗೆ ಮೂಲ. ಕಾವಲಿಗೆ ನಾಯಿ ಬೇಕೆಂದರು. ಮಗ್ಗಲ ಮನೆಯ ನೇಕಾರರು ಮಗ್ಗ ನಿಲ್ಲಿಸಿ ಬಂದು ಸಲಹೆ ಕೊಟ್ಟರು: "ಮುಧೋಳ ಇಷ್ಟು ಹತ್ರ ಐತಿ, ಅಲ್ಲೀದು ತರ್ರಿ."

"ಬ್ಯಾಡ. ಮುಧೋಳದ ನಾಯಿಗೆ ಈ ಕಡಿ ಮಂದಿದೆಲ್ಲಾ ಗುರ್ತಿರತೈತಿ. ಕಳ್ಳ ಬಂದ್ರ ಮುಲಾಜಿಗೆ ಬೀಳತೈತಿ," ಅಂದರು ಕಾಕಾ.

ನಾನು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದೆ. ಬೆಳಗಾವಿಯ ಕೆಲವು ಹುಡುಗ ಹುಡುಗಿಯರು ಸೇರಿ, ಜನ ಬಿಟ್ಟುಹೋದ ನಾಯಿಗಳನ್ನು ಎತ್ತಿ ತಂದು, ಸಾಕುವವರಿಗೆ ಕೊಡುತ್ತಿದ್ದರು. ಫೋಟೋದಲ್ಲಿದ್ದದ್ದು ಗ್ರೇಟ್ ಡೇನ್ ಎಂಬ ಭಾರೀ ಜಾತಿಯ ಮರಿ. ಯಾರೋ ಶೋಕಿಗೆ ಕೊಂಡು, ಅದರ ಊಟ ನೋಡಿ ಗಾಬರಿಯಾಗಿ, ಹೆದ್ದಾರಿಯಲ್ಲಿ ಇಳಿಸಿ ಹೋಗಿದ್ದರಂತೆ.

"ಪುಕ್ಕಟೆ ಕೊಡ್ತಾರಂತ ಕಾಕಾ."

"ಪುಕ್ಕಟೆ?" ಕಾಕಾ ಕನ್ನಡಕ ಏರಿಸಿದರು. "ಹಂಗಾರ ಏನೋ ಐತಿ!"

ಏನಿದೆ ಎಂದು ಪತ್ತೆಮಾಡುವ ಆಸೆಗಾಗಿಯೇ ಒಪ್ಪಿದರೆಂದು ನನ್ನ ಗುಮಾನಿ. ಆದರೆ ಬೆಳಗಾವಿಯವರು ಕಾಕಾನನ್ನೂ ಮೀರಿಸಿದ ಸಂಶಯದವರು! ಕಂಪೌಂಡು ಎಷ್ಟು ಎತ್ತರ? ನಾಯಿಯನ್ನು ಸರಪಳಿಗೆ ಕಟ್ಟುತ್ತೀರಾ? ಊರಿಗೆ ಹೋದರೆ ಯಾರು ನೋಡುತ್ತಾರೆ? ಕಡೆಗೆ, ಮನೆ ನೋಡದೆ ಮರಿ ಕೊಡುವುದಿಲ್ಲ ಅಂದರು. ಕಾಕಾ ಕೆಂಡವಾದರು. ಅವರ ಹೆಂಡತಿ, ನಮ್ಮ ಕಾಕು, ಸಮಾಧಾನ ಮಾಡಿದರು: "ಹೆಣ್ಣ ಕೊಡಾವ್ರು ಮನಿ ನೋಡಾಕ ಬರೂದಿಲ್ಲೇನ್ರಿ? ಬರಲಿ ಬಿಡ್ರಿ, ಉಪ್ಪಿಟ್ಟ ಮಾಡ್ತೀನಿ."

ಜೀಪಿನಲ್ಲಿ ಒಬ್ಬ ಹುಡುಗಿ ಮರಿಯೊಂದಿಗೆ ಬಂದಳು. ಅವಳು ನಮ್ಮ ಕಂಪೌಂಡು ಪರೀಕ್ಷಿಸುತ್ತಿದ್ದರೆ, ಕಾಕಾ ಮರಿಯನ್ನು ಪರೀಕ್ಷಿಸತೊಡಗಿದರು. ದನದ ಸಂತೆಯಲ್ಲಿ ಎತ್ತು ಆರಿಸುವ ಹಾಗೆ ತುಟಿ ಎತ್ತಿ ಹಲ್ಲು ಎಣಿಸಿದರು. ಬಾಲ ಎಳೆದರು. ಕೂದಲು ಬಿಡಿಸಿ, ಬೆನ್ನ ಮೇಲೆ ಕೆಟ್ಟ ಸುಳಿ ಏನಾದರೂ ಇದೆಯೇ ಎಂದು ಹುಡುಕಿದರು! ಮರಿಗೆ ಅದು ಕಚಗುಳಿಯಾಗಿರಬೇಕು, ಕಾಕಾನ ಹೊಸ ಧೋತರದ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದುಬಿಟ್ಟಿತು.

"ನೋಡ್ದಿ?" ಕಾಕಾ ನನ್ನತ್ತ ತಿರುಗಿ ಪಿಸುಗುಟ್ಟಿದರು. "ನೀರ ಹೊಡದು ತಂದಾರ!"

ಆಮೇಲೆ ಹುಡುಗಿ ಒಂದು ಕರಾರುಪತ್ರ ತೆಗೆದಳು. ಆರು ತಿಂಗಳ ನಂತರ ಬಂದು ನೋಡುತ್ತಾರೆ, ಸರಿಯಾಗಿ ಸಾಕಿರದಿದ್ದರೆ ವಾಪಸ್ ಒಯ್ಯುತ್ತಾರೆ ಎಂದು ಅದರಲ್ಲಿತ್ತು. ಕಾಕಾನ ಮುಖ ಅರಳಿತು. ಸಿಕ್ಕಿತಲ್ಲ ಕಲ್ಲು! ನಮ್ಮ ಕಡೆ ಕರುವನ್ನು ಪಾಲಿಗೆ ಕೊಡುವ ಪದ್ಧತಿಯುಂಟು. ಸಾಕುವವನು ಹುಲ್ಲು ನೀರು ಹಾಕಿ ಬೆಳೆಸುತ್ತಾನೆ, ಬೆಳೆದ ಮೇಲೆ ಒಡೆಯ ತನ್ನ ಪಾಲು ಕೇಳಿಕೊಂಡು ಬರುತ್ತಾನೆ. "ಇದೂ ಹಂಗ ತಂಗಿ. ನಮ್ಮ ರೊಟ್ಟಿ ತಿನ್ನಿಸಿ ಬೆಳಸೂದು, ಆಮ್ಯಾಲ ಹಾರಿಸ್ಕೊಂಡು ಹೋಗೂದು!"

"ಹಂಗಾರ ಸಹಿ ಮಾಡಬ್ಯಾಡ್ರಿ," ಅಂದೆ.

ಅಷ್ಟರಲ್ಲಿ ಮರಿ ಅವರ ಪಾದದ ಮೇಲೆ ತಲೆಯಿಟ್ಟು ನಿದ್ದೆಹೋಗಿತ್ತು. ಕಾಕಾ ಕಾಲು ಅಲ್ಲಾಡಿಸದೆ ಕೈ ಚಾಚಿ ಪೆನ್ನು ಇಸಿದುಕೊಂಡರು.

ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಬಂತು. ನಾಯಿಗೆ ಹೆಸರಿಡಬಾರದು, ಹಚ್ಚಿಕೊಳ್ಳಬಾರದು. ಬೇರೆಯವರ ಆಸ್ತಿ! ಆ ಆಸ್ತಿಯೋ ದಿನಕ್ಕೊಂದು ಗೇಣು ಬೆಳೆಯುತ್ತ, ನಾಲ್ಕು ತಿಂಗಳಲ್ಲಿ ಕಟ್ಟೆಯ ಮೇಲೆ ಕೂತರೆ ಬಂದವರು ಹೋರಿಕರು ಎಂದುಕೊಂಡು ದೂರ ನಿಲ್ಲುವಂತಾಯಿತು. ಕಾವಲಿನ ಮಾತು ಮಾತ್ರ ಕೇಳಬೇಡಿ. ನುಗ್ಗೆಕಾಯಿ ಕದಿಯುವವನು ಹಾಡುಹಗಲೇ ಬಂದ. ನಾಯಿ ಬಾಲ ಅಲ್ಲಾಡಿಸುತ್ತ ಅವನನ್ನು ಗೇಟಿನ ತನಕ ಕಳಿಸಿ ಬಂತು.

"ಬೊಗಳಲೇ ಇಲ್ಲಲ್ರಿ!" ಅಂದರು ಕಾಕು.

"ಕಳ್ಳನ ಮಾರಿ ನೋಡಿ ನೆನಪಿಟ್ಕೊಂಡೈತಿ," ಅಂದರು ಕಾಕಾ.

ಹಚ್ಚಿಕೊಳ್ಳಬಾರದೆಂಬ ಕಾನೂನು ಉಳಿದವರಿಗೆ ಮಾತ್ರವಿತ್ತೆಂದು ಕಾಣುತ್ತದೆ. ಕಾಕು ನನ್ನೆದುರು ಗೊಣಗಿದರು: "ಲಗ್ನಾಗಿ ಇಷ್ಟು ವರ್ಷ ಆತು, ನನಗೊಂದ ದಿನ ನೀರು ತುಂಬಿ ಕೊಟ್ಟಾವ್ರಲ್ಲ. ಅದಕ್ಕ ಕುಂತು ಹಾಲಿನಾಗ ರೊಟ್ಟಿ ಕಿವುಚಿ ತಿನ್ನಸ್ತಾರ ನೋಡವ್ವಾ!"

ಆರನೇ ತಿಂಗಳು ಬೆಳಗಾವಿಯಿಂದ ಫೋನು ಬಂತು, ನಾಳೆ ಬರುತ್ತೇವೆಂದು. ಕಾಕಾ ಅವತ್ತು ಊಟ ಮಾಡಲಿಲ್ಲ. ಮರುದಿನ ನಾನು ಹೋದಾಗ ಕಂಡದ್ದೇನು? ಬಚ್ಚಲ ಒಲೆಯ ಬೂದಿಯನ್ನು ನಾಯಿಯ ಮೈತುಂಬ ಬಳಿದು, ಹರಕು ಗೋಣಿತಟ್ಟು ಹೊದಿಸಿ ನಿಲ್ಲಿಸಿದ್ದಾರೆ! "ಛಲೋ ಕಂಡ್ರ ಒಯ್ತಾರ. ಕೆಟ್ಟ ಕಾಣಬೇಕು," ಅಂದರು.

ಹುಡುಗಿ ಬಂದು ನೋಡಿ ಗಾಬರಿಯಾದಳು. ಕಾಕಾ ಶುರು ಮಾಡಿದರು: "ಏನ ನಾಯಿ ಕೊಟ್ಟೀರಿ ನಮಗ! ಬರೇ ತಿಂತೈತಿ, ಬಿದ್ಕೊಂತೈತಿ. ಕರದ್ರ ಬರಂಗಿಲ್ಲ. ಮೊನ್ನೆ ನನಗ ಕಚ್ಚಾಕ ಬಂತು. ಇಂಥಾದ್ದು ನಿಮಗರ ಯಾತಕ್ಕ ಬೇಕು?"

ಅವಳು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಮುಖ ಸಣ್ಣದಾಯಿತು. "ಇಷ್ಟ ತ್ರಾಸ ಆಗಿದ್ರ ಮೊದಲ ಹೇಳಬೇಕಿತ್ರಿ ಕಾಕಾ. ಸಿಟ್ಟಾಗಬ್ಯಾಡ್ರಿ, ಇವತ್ತ ಒಯ್ತೀವಿ," ಎಂದು ಹೋಗಿ ಜೀಪಿನ ಹಿಂದಿನ ಬಾಗಿಲು ತೆಗೆದಳು.

ನಾಯಿಗೆ ಲೋಕದಲ್ಲಿ ಎಲ್ಲರೂ ಒಳ್ಳೆಯವರೇ. ಗೋಣಿತಟ್ಟಿನ ಸಮೇತ ಒಂದೇ ಜಿಗಿತಕ್ಕೆ ಜೀಪು ಹತ್ತಿ ಕೂತು, ನಾಲಗೆ ಚಾಚಿ, ಕಾಕಾನನ್ನೂ ಹತ್ತು ಬಾ ಎಂಬಂತೆ ನೋಡಿತು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕಾಕಾ ಜೀಪಿನ ಬಳಿ ಹೋಗಿ ನಿಂತರು. ಹುಡುಗಿಗೆ ಹೇಳತೊಡಗಿದರು, ಅವಳು ಮತ್ತೆ ವಹಿ ತೆರೆದು ಬರೆದುಕೊಳ್ಳತೊಡಗಿದಳು:

"ಒಣಾ ರೊಟ್ಟಿ ಹಾಕಬ್ಯಾಡ್ರಿ, ಗಂಟಲಾಗ ಸಿಗತೈತಿ. ಗುಡುಗಿದ್ರ ಅಂಜತೈತಿ. ಎರಡೂ ಕಿವಿ ಗಟ್ಟ್ಯಾಗಿ ಮುಚ್ಚಿ ಹಿಡೀಬೇಕು, ಮಳಿ ನಿಲ್ಲೂತನ. ಇಷ್ಟ ದೊಡ್ಡದೈತಿ ಖರೆ, ಒಂದ ಮಲಗಂಗಿಲ್ಲರಿ ಅದು. ಮಗ್ಗಲದಾಗ ಯಾರರ ಬೇಕಾಕ್ಕಾರ."

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು.

"ಸುಳ್ಳ ಹೇಳೀನಿ ತಂಗಿ," ಅಂದರು ಕಾಕಾ. ಮೂವತ್ತು ವರ್ಷ ಊರಮಂದಿಯ ಸುಳ್ಳು ಹಿಡಿದ ಮನುಷ್ಯ, ನೇಕಾರರೆಲ್ಲ ಹೊರಬಂದು ನಿಂತು ನೋಡುತ್ತಿರುವಾಗ, ಮೊಮ್ಮಗಳ ವಯಸ್ಸಿನವಳೆದುರು ಕೈ ಮುಗಿದಿದ್ದರು. "ಅದು ಯಾರಿಗೂ ಕಚ್ಚಿಲ್ಲ. ನೀವು ಒಯ್ತೀರಿ ಅಂತ ಅಂಜಿ ಹೇಳೀನಿ. ಒಯ್ಯಬ್ಯಾಡ್ರಿ ಯವ್ವಾ."

ಹುಡುಗಿ ಬರೆದ ಹಾಳೆಯನ್ನು ಹರಿದು ಮುದ್ದೆಮಾಡಿ ಕಿಸೆಗೆ ಹಾಕಿಕೊಂಡಳು. ನಾಯಿ ಇಳಿದು ಬಂದು ಮುಂಗಾಲೆರಡನ್ನೂ ಕಾಕಾನ ಹೆಗಲ ಮೇಲಿಟ್ಟಿತು. ಅದರ ಬೂದಿಯ ಕುತ್ತಿಗೆಯಲ್ಲಿ ಮುಖವಿಟ್ಟು ನಮ್ಮ ಕಾಕಾ, ನಡುಬೀದಿಯಲ್ಲಿ, ಸಣ್ಣ ಹುಡುಗನಂತೆ ಅತ್ತರು.